ಆಳಂದಕ್ಕೆ ಹೋದ ಗುರಮ್ಮ

ಅಂದೋಲಾ, ತಾಲೂಕು ಜೇವರ್ಗಿ
14 ಜುಲೈ 1985

ಅಪ್ಪನಿಗೆ, ಗುರುಬಾಯಿಯ ಶರಣು.

ಬಸ್ಸಿನಲ್ಲಿ ಕುಳಿತಾಗಲೇ ಬರೆಯಬೇಕೆಂದಿದ್ದೆ. ಆಗ ಸಿಟ್ಟಿನಲ್ಲಿದ್ದೆ. ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಈಗ ಸಿಟ್ಟಿಲ್ಲ. ಸಿಟ್ಟಿನಲ್ಲಿ ಬರೆದದ್ದೆಂದು ನೀವು ಇದನ್ನು ಬದಿಗಿಡಬಾರದು, ಅದಕ್ಕೆ ಹೇಳಿದೆ.

ನಾನು ಕೇಳಿದ್ದು ಇಷ್ಟೇ. ನನ್ನ ಗಂಡ ಜಗದೇವಪ್ಪನವರು ಟ್ರ್ಯಾಕ್ಟರ್ ಮಗುಚಿ ತೀರಿಕೊಂಡು ನಾಲ್ಕನೇ ವರ್ಷ ನಡೆದಿದೆ. ನಾನು ಇಲ್ಲಿ ಶಾಲೆಯಲ್ಲಿ ಕಲಿಸುತ್ತೇನೆ. ನನ್ನ ಮಗಳು ಸುಗಲಾ ಮಟಕಿಯಲ್ಲಿ ಅತ್ತೆ-ಮಾವನ ಹತ್ತಿರ ಬೆಳೆಯುತ್ತಿದ್ದಾಳೆ. ನಮ್ಮ ಶಾಲೆಯ ಅಣವೀರಪ್ಪ ಮಾಸ್ತರರು ನನ್ನನ್ನು ಮದುವೆಯಾಗುತ್ತೇನೆ ಎಂದಿದ್ದಾರೆ. ಅವರ ಹೆಂಡತಿಯೂ ತೀರಿಕೊಂಡಿದ್ದಾಳೆ. ನನಗೆ ಒಪ್ಪಿಗೆ ಇದೆ, ನಿಮ್ಮ ಒಪ್ಪಿಗೆ ಬೇಕು ಎಂದೆ. ಉಣ್ಣುತ್ತಿದ್ದವರು ನೀವು ಕೈ ತೊಳೆದು ಎದ್ದಿರಿ. "ನಮ್ಮ ಮನಿತನದಾಗ ಉಡಿಕಿ ಇಲ್ಲ. ಏಳು ತಲಿಯೊಳಗ ಗಂಡ ಸತ್ತ ಒಬ್ಬಾಕಿನೂ ಮತ್ತೊಬ್ಬನ ಮನಿ ಸೇರಿಲ್ಲ" ಎಂದು ಹೇಳಿ ಕಾಳಿನ ಅಡತಿ ಅಂಗಡಿಗೆ ಹೋದಿರಿ.

ಅಪ್ಪಾ, ಹೆಂಡತಿ ತೀರಿಕೊಂಡ ಮೇಲೆ ಅಣವೀರಪ್ಪನವರಿಗೂ ಅವರ ಮನೆಯವರು ಎರಡನೇ ಹೆಣ್ಣು ನೋಡಿದ್ದರು. ಅದನ್ನು ಎಲ್ಲರೂ ಮದುವೆ ಎನ್ನುತ್ತಾರೆ. ನನ್ನದಕ್ಕೆ ಮಾತ್ರ ಉಡಿಕಿ ಎಂದು ಬೇರೆ ಹೆಸರು. ಅದು ಇರಲಿ. ಏಳು ತಲೆಯ ಮಾತನ್ನು ನಿಮಗೆ ಹೇಳಿದವರು ಯಾರು? ನಾನು ಸಣ್ಣವಳಿದ್ದಾಗ ಆ ಏಳು ಹೆಸರುಗಳನ್ನು ನೀವೇ ಬಾಯಿಪಾಠ ಮಾಡಿಸಿದ್ದಿರಿ. ಎಲ್ಲ ಗಂಡಸರ ಹೆಸರು. ಅವರನ್ನು ಹೆತ್ತವರು ಯಾರು, ಯಾವ ಊರಿಂದ ಬಂದವರು, ಒಂದೂ ಗೊತ್ತಿಲ್ಲ. ಹೆಸರೇ ಗೊತ್ತಿಲ್ಲದ ಹೆಂಗಸರು ಏನು ಮಾಡಿದರು, ಏನು ಮಾಡಲಿಲ್ಲ ಎಂದು ಹೇಗೆ ಹೇಳುತ್ತೀರಿ?

ನಾನು ಹುಡುಕುತ್ತೇನೆ. ನಿಮ್ಮ ಮಾತು ನಿಜವಾದರೆ ನಾನು ಮದುವೆ ಬಿಡುತ್ತೇನೆ ಎಂದಲ್ಲ. ಆದರೆ ಸುಳ್ಳಾದರೆ ಆ ಮಾತನ್ನು ನೀವು ಬಿಡಬೇಕು.

ನಿಮ್ಮ ಮಗಳು
ಗುರುಬಾಯಿ


ಆಳಂದ
3 ಆಗಸ್ಟ್ 1985

ಗುರುಬಾಯಿಗೆ ಶಾಂತಲಿಂಗಪ್ಪನ ಆಶೀರ್ವಾದ.

ನಾನು ಕಲಿತದ್ದು ನಿಜಾಮನ ಕಾಲದ ಉರ್ದು ಶಾಲೆಯಲ್ಲಿ. ಕನ್ನಡದಲ್ಲಿ ಉದ್ದ ಪತ್ರ ಬರೆಯುವುದು ನನಗೆ ಇವತ್ತಿಗೂ ತ್ರಾಸು. ಹೇಳಬೇಕಾದಷ್ಟು ಹೇಳುತ್ತೇನೆ.

ನನ್ನ ಅಜ್ಜ ದೌಲತರಾಯ ಅಫಜಲಪುರದ ಕಡೆಯ ಭೀಮಾ ದಂಡೆಯವರು. ಎತ್ತಿನ ಬೆನ್ನ ಮೇಲೆ ಜೋಳ, ಕುಸುಬಿ ಹೇರಿಕೊಂಡು ಆಳಂದದ ಸಂತೆಗೆ ಬರುತ್ತಿದ್ದರು. ಒಂದು ಸಲ ಬಂದವರು ಇಲ್ಲೇ ನಿಂತರು. ಪರ ಊರು, ಗುರುತಿನವರು ಯಾರೂ ಇಲ್ಲ. ಲಾಡ್ಲೆಸಾಬ ಎನ್ನುವವರು ತಮ್ಮ ಮನೆಯ ಕಟ್ಟೆಯ ಮೇಲೆ ಜಾಗ ಕೊಟ್ಟರು. ಆ ಕಟ್ಟೆಯ ಮೇಲೆ ಚೀಲ ಹಚ್ಚಿ ವ್ಯಾಪಾರ ಸುರುಮಾಡಿ, ಮುಂದೆ ಈ ಮನೆ ಕಟ್ಟಿದರು. ದೌಲತರಾಯನ ತಕ್ಕಡಿ ಎಂದರೆ ಇಲ್ಲಿಯ ಜನ ಕಣ್ಣುಮುಚ್ಚಿ ನಂಬುತ್ತಿದ್ದರು. ನಮ್ಮ ಮನೆತನ ಎಂದರೆ ಇದು.

ಅವರ ಹೆಂಡತಿ ಗುರಮ್ಮ, ನನ್ನ ಆಯಿ. ನಾನು ಹುಡುಗನಿದ್ದಾಗಲೇ ಹೋಗಿಬಿಟ್ಟಳು. ಒಳ್ಳೆಯವಳು. ನಿನಗೆ ಇಟ್ಟದ್ದು ಅವಳ ಹೆಸರೇ. ಇನ್ನೇನು ಬೇಕು?

ಮಟಕಿಯ ಬೀಗರು ಮೊನ್ನೆ ಸಂತೆಗೆ ಬಂದವರು ಅಂಗಡಿಯ ಮುಂದೆ ಹಾದುಹೋದರು, ಒಳಗೆ ಬರಲಿಲ್ಲ. ಸುದ್ದಿ ಅವರಿಗೂ ಮುಟ್ಟಿದೆ. ನಾನು ನಾಲ್ಕು ಮಂದಿಯ ನಡುವೆ ಕೂಡುವವನು. ಹಳೆಯ ನೆಲ ಅಗೆಯಬೇಡ. ಶಾಲೆ ನೋಡಿಕೊಂಡಿರು.

ಶಾಂತಲಿಂಗಪ್ಪ


ಆಳಂದ
ನಾಗರ ಪಂಚಮಿಯ ಮರುದಿನ

ಗುರುಬಾಯಿ,

ನಾ ನಿಮ್ಮವ್ವ ಗೌರಾಬಾಯಿ. ಮಗ್ಗಲ ಮನಿ ಸರ್ವರಬೇಗಂನ ಕೈಲೆ ಬರಸಾಕತ್ತೇನಿ. ನಾ ಹೇಳಿದಂಗ ಬರಿಯವ್ವ, ತಿದ್ದಬ್ಯಾಡ ಅಂದೇನಿ.

ನಿನ್ನ ಪತ್ರ ಬಂದಾಗಿಂದ ನಿಮ್ಮಪ್ಪ ಸುಮ್ಮ ಆಗ್ಯಾರ. ಸಿಟ್ಟು ಮಾಡಿದ್ರ ನನಗ ತಿಳೀತದ. ಸುಮ್ಮ ಕುಂತ್ರ ತಿಳಿಯಂಗಿಲ್ಲ.

ನಾ ಈ ಮನಿಗಿ ಸೊಸಿಯಾಗಿ ಬಂದಾಗ ಗುರಮ್ಮ ಆಯಿ ಇರಲಿಲ್ಲ. ಆದ್ರ ನಮ್ಮತ್ತಿ ಒಂದು ಮಾತು ಅಂತಿದ್ಲು: "ನಮ್ಮತ್ತಿ ಬಂಗಾರದಂಥಾಕಿ. ಆದ್ರ ಯಾರ ಮದುವ್ಯಾಗೂ ಅರಿಷಿಣ ಮುಟ್ಟಲಿಲ್ಲ." ಗಂಡ ಇದ್ದಾಕಿ ಅರಿಷಿಣ ಯಾಕ ಮುಟ್ಟಬಾರದು? ಕೇಳಿದ್ರ ಅತ್ತಿ ಮಾತು ಮರಸಿದ್ಲು. ನಾ ಮತ್ತ ಕೇಳಲಿಲ್ಲ. ಸೊಸಿ ಎಷ್ಟಂತ ಕೇಳ್ತಾಳ?

ನಮ್ಮ ಮನಿದೇವ್ರು ಅಫಜಲಪೂರದಾಚಿ ಭೀಮಾ ದಂಡಿ ಮ್ಯಾಲಿನ ಗದ್ದಿಗಿ. ಆಯಿ ವರ್ಷಾ ಶ್ರಾವಣದಾಗ ಬಂಡಿ ಕಟ್ಟಿಸಿಕೊಂಡು ಅಲ್ಲಿಗಿ ಹೋಗ್ತಿದ್ಲಂತ. ನಿಮ್ಮಪ್ಪ ಈಗ ಬರೇ ಕಾಯಿ ಕಳಸ್ತಾರ, ತಾವು ಹೋಗಂಗಿಲ್ಲ. ಏನರ ಇದ್ರ ಅಲ್ಲೇ ಇರ್ತದ. ನೀ ಹೋಗು. ಒಬ್ಬಾಕಿನ ಹೋಗಬ್ಯಾಡ, ಯಾರನ್ನರ ಜೋಡಿ ಕರಕೊಂಡು ಹೋಗು.

ನಿಮ್ಮವ್ವ


ಅಫಜಲಪುರ
26 ಅಕ್ಟೋಬರ್ 1985

ಅಪ್ಪನಿಗೆ ಶರಣು.

ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಂದೋಲಾ ಮುಟ್ಟುವವರೆಗೆ ತಡೆಯುವುದಾಗಲಿಲ್ಲ. ದಸರಾ ರಜೆಯಲ್ಲಿ ಮನೆದೇವರ ಊರಿಗೆ ಹೋಗಿಬಂದೆ. ನನ್ನ ಮನೆಯ ಮಾಲಕಿ ಬೀಬಿಜಾನ ಖಾಲಾ ಜೋಡಿ ಬಂದಿದ್ದಳು. ಈಗ ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ನಿದ್ದೆ ಹೋಗಿದ್ದಾಳೆ.

ಗದ್ದಿಗೆಯ ಅಯ್ಯನವರಿಗೆ ನಮ್ಮ ಮನೆತನದ ಹೆಸರು ಗೊತ್ತಿತ್ತು, ಕಾಯಿ ಬರುತ್ತದಲ್ಲ. ಅದರ ಹಿಂದಿನದು ಗೊತ್ತಿರಲಿಲ್ಲ. "ಹಳೇದು ಬೇಕಿದ್ರ ಸಾಬವ್ವನ ಕೇಳ್ರಿ. ಊರಾಗ ಆಕೀಗಿಂತ ಹಿರೇರು ಯಾರೂ ಉಳಿದಿಲ್ಲ" ಎಂದರು.

ಸಾಬವ್ವ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಆಳಂದದಿಂದ ಬಂದೆ, ದೌಲತರಾಯನ ಮರಿಮೊಮ್ಮಗಳು ಎಂದೆ. ಅವಳ ಕೈ ನಿಂತಿತು.

"ಗುರಮ್ಮನ ಮನಿಯಾಕೇನು? ಆಳಂದಕ್ಕ ಹೋದ ಗುರಮ್ಮನ?"

"ಹೌದ್ರಿ. ನಿಮಗ ಆಕಿ ಹ್ಯಾಂಗ ಗೊತ್ತು?"

"ಗೊತ್ತೇನು ಬೇ! ಆಕಿ ನಮ್ಮಪ್ಪನ್ನ ಹಡದಾಕಿ."

ಅಪ್ಪಾ, ನಾನು ಮೊದಲು ತಪ್ಪು ಕೇಳಿಸಿಕೊಂಡೆ ಎಂದುಕೊಂಡೆ. ಬೀಬಿಜಾನ ಖಾಲಾ ನನ್ನ ರಟ್ಟೆ ಹಿಡಿದು ಕಟ್ಟೆಯ ಮೇಲೆ ಕೂಡಿಸಿದಳು. ಆಮೇಲೆ ಸಾಬವ್ವ ಹೇಳಿದ್ದನ್ನು ನಾನು ಹೇಗೆ ಕೇಳಿದೆನೋ ಹಾಗೆ ಬರೆಯುತ್ತೇನೆ.

ಗುರಮ್ಮನನ್ನು ಮೊದಲು ಆ ಊರಿನ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಒಬ್ಬ ಮಗ ಹುಟ್ಟಿದ, ಹೆಸರು ಮಲ್ಕಣ್ಣ. ಅವನು ಇನ್ನೂ ತೊಡೆಯ ಮೇಲಿದ್ದಾಗ ಗಂಡ ವಾಂತಿಭೇದಿಯಲ್ಲಿ ಹೋದ. ಮೂರ್ನಾಲ್ಕು ವರ್ಷದ ಮೇಲೆ ಅದೇ ಊರಿನ ದೌಲತರಾಯ ಅವಳನ್ನು ಉಡಿಕಿ ಮಾಡಿಕೊಂಡರು. ಹಂದರ ಹಾಕಲಿಲ್ಲ, ವಾಲಗ ಊದಿಸಲಿಲ್ಲ. ಊರಲ್ಲಿ ಮಾತು ಬಂತು. ಇಬ್ಬರೂ ಎತ್ತು ಹೊಡೆದುಕೊಂಡು ಆಳಂದಕ್ಕೆ ಹೊರಟರು. ಮಗನನ್ನು ಕೊಡಿ ಎಂದು ಕೇಳಿದರೆ, ಸತ್ತ ಗಂಡನ ಮನೆಯವರು, "ನೀ ಹೋಗು. ಕೂಸು ನಮ್ಮ ಮನಿದು" ಎಂದರು. ಆಗಿನ ರಿವಾಜೇ ಹಾಗಿತ್ತಂತೆ.

ಮರುವರ್ಷ ಅವಳು ಮಗನನ್ನು ನೋಡಲು ಬಂದಳು. ಬರುತ್ತಾಳೆಂದು ಸುದ್ದಿ ಸಿಕ್ಕಿತ್ತು. ಆ ಮನೆಯವರು ಹುಡುಗನಿಗೆ ಹೇಳಿಟ್ಟರು: "ನಿಮ್ಮವ್ವ ಸತ್ತಾಳ. ಈಗ ಬರಾಕಿ ನಿಮ್ಮವ್ವ ಅಲ್ಲ, ನಿನ್ನ ಎತಗೊಂಡು ಹೋಗಾಕ ಬಂದ ದೆವ್ವ." ಹುಡುಗ ಜೋಳದ ಚೀಲಗಳ ಹಿಂದೆ ಅಡಗಿದ. ಗುರಮ್ಮ ಬಾಗಿಲ ಹೊರಗೆ ನಿಂತು ಅವನ ಹೆಸರು ಹಿಡಿದು ಕರೆದಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಕರೆದು ಕರೆದು, ಹೊರಟುಹೋದಳು.

"ನಮ್ಮಪ್ಪ ಮುದುಕ ಆದ ಮ್ಯಾಲೂ ಅಂತಿದ್ದ," ಎಂದಳು ಸಾಬವ್ವ. "ಆಕಿ ದನಿ ಭಾಳ ಚಲೋ ಇತ್ತು ಸಾಬಿ, ಅದಕ್ಕ ಜಾಸ್ತಿ ಅಂಜಿದೆ ಅಂತಿದ್ದ."

ಆಮೇಲೆ ಅವಳು ಮನೆಗೆ ಬರಲಿಲ್ಲ. ಪ್ರತಿ ವರ್ಷ ಶ್ರಾವಣದಲ್ಲಿ ಗದ್ದಿಗೆಗೆ ಬಂದು ಕಂಬದ ಹತ್ತಿರ ನಿಲ್ಲುತ್ತಿದ್ದಳು. ಮಲ್ಕಣ್ಣ ದೊಡ್ಡವನಾಗಿ ನಿಜ ತಿಳಿದುಕೊಂಡ. ಆದರೂ ಹೋಗಿ ಮಾತಾಡಿಸಲಿಲ್ಲ. ಒಂದು ವರ್ಷ ಮಾತ್ರ ತನ್ನ ಸಣ್ಣ ಮಗಳ ಕೈಗೆ ಕಾಯಿ ಕೊಟ್ಟು, "ಆ ಕಂಬದ ಹಂತ್ಯಾಕ ನಿಂತ ಆಯಿಗಿ ಕೊಟ್ಟು ಬಾ" ಎಂದು ಕಳಿಸಿದ. ಆ ಮಗಳೇ ಈ ಸಾಬವ್ವ.

"ಕಾಯಿ ತಗೊಂಡ್ಲು. ನನ್ನ ಗದ್ದ ಹಿಡದು ನೋಡಿದ್ಲು. ಅಳಲಿಲ್ಲ. 'ನಿಮ್ಮಪ್ಪ ಉಂಡಾನೇನವ್ವ?' ಅಂತ ಕೇಳಿದ್ಲು. ಅಷ್ಟ ಕೇಳಿದ್ಲು."

ಅಪ್ಪಾ, ಏಳು ತಲೆಯಲ್ಲಿ ಉಡಿಕಿ ಇಲ್ಲ ಎಂದಿರಿ. ಆಳಂದದ ನಮ್ಮ ಮನೆ ನಿಂತದ್ದೇ ಒಂದು ಉಡಿಕಿಯ ಮೇಲೆ. ಗೆದ್ದೆ ಎಂದು ಬರೆಯಲು ಹೊರಟಿದ್ದೆ. ಆದರೆ ನನಗೆ ಗೆದ್ದಂತೆ ಅನಿಸುತ್ತಿಲ್ಲ. ಮಟಕಿಯಲ್ಲಿರುವ ಸುಗಲಾಳ ಮುಖವೇ ಕಣ್ಣ ಮುಂದೆ ನಿಲ್ಲುತ್ತಿದೆ.

ಬಸ್ಸು ಬಂತು.

ಗುರುಬಾಯಿ


ಅಂದೋಲಾ
15 ಡಿಸೆಂಬರ್ 1985

ಅಪ್ಪನಿಗೆ ಶರಣು.

ನಿಮ್ಮ ಉತ್ತರ ಬರಲಿಲ್ಲ. ಕಾಯ್ದೆ. ಇನ್ನು ಕಾಯದೆ ಬರೆಯುತ್ತೇನೆ.

ಹೋದ ಭಾನುವಾರ ಮಟಕಿಗೆ ಹೋಗಿದ್ದೆ. ಪ್ರತಿ ಸಲ ಸುಗಲಾ ಬಸ್ಸಿನ ಸಪ್ಪಳ ಕೇಳಿ ಓಣಿಯ ತುದಿಗೆ ಓಡಿ ಬರುತ್ತಿದ್ದಳು. ಈ ಸಲ ಬರಲಿಲ್ಲ. ಒಳಗಿನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ಬಾ ಸುಗಲಾ" ಎಂದೆ. ಅವಳು ಅಜ್ಜಿಯ ಮುಖ ನೋಡಿದಳು.

ಮಾವನವರು ಅಂಗಳದಲ್ಲಿದ್ದರು. ಕೂಡು ಎನ್ನಲಿಲ್ಲ. "ನೋಡವ್ವ, ನಾವು ನಿನಗ ಏನೂ ಅನ್ನಂಗಿಲ್ಲ. ನಿನ್ನ ದಾರಿ ನೀ ಹಿಡಿ. ಕೂಸು ನಮ್ಮ ಮಗನ ಗುರ್ತು. ಅದು ಇಲ್ಲೇ ಇರ್ತದ. ನೀ ಇನ್ನ ಬರೋದು ಕಡಿಮಿ ಮಾಡು, ಅದೂ ಮರೀತದ" ಎಂದರು. ಬೈಗುಳವಿಲ್ಲ, ದನಿ ಏರಿಸಲಿಲ್ಲ. ಅವರು ತಮಗೆ ನ್ಯಾಯ ಕಂಡದ್ದನ್ನೇ ಹೇಳುತ್ತಿದ್ದರು.

ಆಗ ಸುಗಲಾ ಅಲ್ಲಿಂದಲೇ ಕೇಳಿದಳು: "ಅವ್ವಾ, ನಿನ್ನ ಹೊಸಾ ಮನ್ಯಾಗ ಸಣ್ಣ ಮಕ್ಕಳಿಗಿ ಬಿಡಂಗಿಲ್ಲಂತಲ್ಲ?"

ಗುರಮ್ಮ ಹೊರಟುಹೋದಳು ಅಪ್ಪಾ. ಅವಳಿಗೆ ಬೇರೆ ದಾರಿ ಇರಲಿಲ್ಲ. ಕೈಯಲ್ಲಿ ನೌಕರಿ ಇರಲಿಲ್ಲ, ಹಿಂದೆ ಯಾರೂ ಇರಲಿಲ್ಲ. ನಾನು ಹೋಗಲಿಲ್ಲ. ಅಲ್ಲೇ ಹೊಸ್ತಿಲ ಹೊರಗೆ ನೆಲದ ಮೇಲೆ ಕುಳಿತೆ. ಮಾವನವರು ಎದ್ದು ಹೊಲಕ್ಕೆ ಹೋದರು. ಅತ್ತೆ ರೊಟ್ಟಿ ಬಡಿದರು. ಮಗ್ಗುಲ ಮನೆಯವರು ಬಂದು ಇಣುಕಿ ನೋಡಿದರು. ನಾನು ಸುಗಲಾಳಿಗೆ ಏನೂ ಹೇಳಲಿಲ್ಲ, ಕರೆಯಲೂ ಇಲ್ಲ. ಬಿಸಿಲು ಗೋಡೆ ಇಳಿಯುವ ಹೊತ್ತಿಗೆ ಅವಳು ತನ್ನ ಪಾಟಿ ತೆಗೆದುಕೊಂಡು ಬಂದು ನನ್ನ ಬೆನ್ನಿಗೆ ಬೆನ್ನು ಹಚ್ಚಿ ಕುಳಿತಳು. ಮಗ್ಗಿ ಬರೆಯತೊಡಗಿದಳು. "ಹೊಸಾ ಮನ್ಯಾಗ ನಿನಗ ಜಾಗ ಇಲ್ಲಂದ್ರ ಆ ಮನಿಗಿ ನಾನೂ ಹೋಗಂಗಿಲ್ಲ" ಎಂದೆ. ಅವಳು ಹೂಂ ಎಂದಳು. ಅತ್ತೆ ನನ್ನ ಮುಂದೆ ರೊಟ್ಟಿಯ ತಾಟು ಇಟ್ಟು ಒಳಗೆ ಹೋದರು.

ನಾನು ಮದುವೆಯಾಗುತ್ತೇನೆ. ಮಗಳನ್ನೂ ಬಿಡುವುದಿಲ್ಲ. ಎರಡರಲ್ಲಿ ಒಂದು ಆರಿಸು ಎಂದು ಗುರಮ್ಮನಿಗೆ ಹೇಳಿದರು. ನನಗೂ ಅದನ್ನೇ ಹೇಳಿದರೆ ನಾನು ಕೇಳುವುದಿಲ್ಲ. ಅಣವೀರಪ್ಪನವರಿಗೆ ಇದನ್ನೇ ಹೇಳಿದೆ. "ಮಗಳನ್ನು ಬಿಟ್ಟು ಬರ್ತೇನಿ ಅಂದಿದ್ರ ನಾನೇ ಹಿಂದ ಸರೀತಿದ್ದೆ" ಎಂದರು.

ನಿಮ್ಮಿಂದ ಒಪ್ಪಿಗೆಯನ್ನೂ ಈಗ ಕೇಳುವುದಿಲ್ಲ. ಒಂದೇ ಕೇಳುತ್ತೇನೆ. ಗುರಮ್ಮನನ್ನು ಕಣ್ಣಾರೆ ಕಂಡವರು ನಮ್ಮ ಮನೆಯಲ್ಲಿ ಉಳಿದಿರುವುದು ನೀವೊಬ್ಬರೇ. ಅವಳ ಬಗ್ಗೆ ನಿಮಗೆ ನೆನಪಿದ್ದದ್ದನ್ನು ಬರೆಯಿರಿ.

ಗುರುಬಾಯಿ


ಆಳಂದ
9 ಫೆಬ್ರವರಿ 1986

ಗುರುಬಾಯಿಗೆ ಆಶೀರ್ವಾದ.

ನೀನು ಕೇಳಿದ್ದನ್ನು ಮೊದಲು ಬರೆಯುತ್ತೇನೆ.

ನಮ್ಮ ಕಾಕಾನ ಮದುವೆ. ಕಾಕಾ ಎಂದರೆ ಗುರಮ್ಮ ಆಯಿಯ ಸಣ್ಣ ಮಗ. ಮನೆಯ ಮುಂದೆ ಹಂದರ, ಓಣಿ ತುಂಬ ಮಂದಿ. ನಾನು ಹೋಳಿಗೆ ತಿನ್ನುತ್ತ ಹಿತ್ತಲಿಗೆ ಹೋದೆ. ಅಲ್ಲಿ ಆಯಿ ಒಬ್ಬಳೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಆಯಿ, ಅಕ್ಕಿಕಾಳು ಬೀಳಾಕತ್ಯಾವ, ಬಾ" ಎಂದು ಸೆರಗು ಜಗ್ಗಿದೆ. ಅವಳು ಏಳಲಿಲ್ಲ. "ಬಿದ್ದಾವೇನು? ನನ್ನ ಕೂಸಿನ ಮ್ಯಾಲ ಬಿದ್ರ ಸಾಕು. ನಾ ಇಲ್ಲಿಂದನ ನೋಡಾಕತ್ತೇನಿ" ಎಂದಳು. ಅಲ್ಲಿಂದ ಗೋಡೆ ಬಿಟ್ಟು ಬೇರೆ ಏನೂ ಕಾಣುತ್ತಿರಲಿಲ್ಲ.

ಹೆತ್ತ ಮಗನ ಮದುವೆ. ಉಡಿಕಿಯಾದವಳು ಅಕ್ಕಿಕಾಳು ಹಾಕಬಾರದು ಎಂಬ ನೇಮಕ್ಕೆ ಅವಳನ್ನು ಹಿತ್ತಲಲ್ಲಿ ಕೂಡಿಸಿದ್ದರು. ನನಗೆ ಆಗ ತಿಳಿಯಲಿಲ್ಲ. ನಿನ್ನ ಪತ್ರ ಓದಿದ ಮೇಲೆ ತಿಳಿಯಿತು. ಇನ್ನೊಂದು. ಶ್ರಾವಣದಲ್ಲಿ ಭೀಮಾ ದಂಡೆಯಿಂದ ಮರಳಿ ಬಂದ ದಿನ ಅವಳು ಉಣ್ಣುತ್ತಿರಲಿಲ್ಲ. ಅಜ್ಜನೂ ಆ ದಿನ ಉಣ್ಣುತ್ತಿರಲಿಲ್ಲ. ಉಪವಾಸ ಇರಬೇಕು ಎಂದುಕೊಂಡಿದ್ದೆವು.

ಮೂರು ತಿಂಗಳು ನಾನು ಉತ್ತರ ಬರೆಯಲಿಲ್ಲ. ಅಂಗಡಿಯಲ್ಲಿ ಕುಳಿತರೆ ಆ ಗೋಡೆಯೇ ಕಾಣುತ್ತಿತ್ತು. ಹೋದ ಸೋಮವಾರ ಅಂಗಿ ತೊಟ್ಟು ರುಮಾಲು ಸುತ್ತಿ ಮಟಕಿಗೆ ಹೋದೆ. ನಿಮ್ಮವ್ವನಿಗೂ ಹೇಳಿರಲಿಲ್ಲ.

ಬೀಗರ ಅಂಗಳದಲ್ಲಿ ಊರ ಹಿರಿಯರು ಇಬ್ಬರು ಕುಳಿತಿದ್ದರು. ಬೀಗರು ನನ್ನನ್ನು ನೋಡಿ ನಕ್ಕರು.

"ಬರ್ರಿ ಬೀಗರ. ನಿಮ್ಮ ಮನಿತನದಾಗ ಉಡಿಕಿ ಇಲ್ಲ ಅಂತಿದ್ರಿ. ಈಗ ನೀವ ಬಂದ್ರೇನು ಅದರ ಮಾತಿಗಿ?"

"ಅಂತಿದ್ದೆ," ಎಂದೆ. "ನಮ್ಮ ಆಯಿ ಉಡಿಕಿ ಆದಾಕಿ. ಆಕಿ ಹೊಟ್ಟಿಲೆ ನಮ್ಮಪ್ಪ, ನಮ್ಮಪ್ಪನ ಹೊಟ್ಟಿಲೆ ನಾ. ಮನಿತನ ಚಲೋ ಅದ ಅಂತ ನನ್ನ ಮಗಳನ್ನ ನಿಮ್ಮ ಮನಿಗಿ ತಂದ್ಕೊಂಡ್ರಿ. ಆ ಚಲೋ ಮನಿತನ ಕಟ್ಟಿದಾಕಿ ಆಕಿನ."

ಗುರುಬಾಯಿ, ನಾಲ್ಕು ಮಂದಿಯ ಮುಂದೆ ಈ ಮಾತು ಆಡುವಾಗ ನನ್ನ ತಲೆ ತಗ್ಗುತ್ತದೆ ಎಂದುಕೊಂಡಿದ್ದೆ. ತಗ್ಗಲಿಲ್ಲ.

"ಆಯ್ತು, ಮಗಳ ಮದುವಿ ಮಾಡ್ಕೊಳ್ರಿ. ಕೂಸಿನ ಮಾತು ಎತ್ತಬ್ಯಾಡ್ರಿ" ಎಂದರು ಬೀಗರು. ಆಗ ನಾನು ಜೋಳದ ಚೀಲದ ಹಿಂದೆ ಅಡಗಿದ ಹುಡುಗನ ಕಥೆ ಹೇಳಿದೆ. ಪೂರ್ತಿ ಹೇಳಿದೆ. ಅವನು ಮುದುಕನಾದ ಮೇಲೆ ಮಗಳ ಮುಂದೆ ಆಡಿದ ಮಾತನ್ನೂ ಹೇಳಿದೆ. ಹಿರಿಯರಲ್ಲಿ ಒಬ್ಬರು ನೆಲ ನೋಡುತ್ತ ಕುಳಿತರು. ಬೀಗರು ಮುಖ ತಿರುಗಿಸಿದರು.

ಬೀಗಿತಿ ಒಳಗಿನಿಂದ ಬಂದರು. ಗಂಡಸರು ಕುಳಿತಲ್ಲಿಗೆ ಆಕೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಗಂಡನಿಗೇ ಹೇಳಿದರು: "ನಾ ಮಗನ್ನ ಕಳಕೊಂಡೇನಿ. ನನಗ ಗೊತ್ತದ ಅದು ಹ್ಯಾಂಗ ಇರ್ತದಂತ. ಬದುಕಿರೋ ತಾಯಿಗಿ ಅದನ್ನ ಮಾಡಬ್ಯಾಡ್ರಿ. ಆಕಿ ಮೊನ್ನೆ ಹೊಸ್ತಿಲದಾಗ ಕುಂತಿದ್ಲು, ಬಡಿದ ರೊಟ್ಟಿ ನನಗ ಉಣ್ಣಾಕ ಆಗಲಿಲ್ಲ."

ಬೀಗರು ಎದ್ದು ಅಂಗಳದ ತುದಿಯವರೆಗೆ ಹೋಗಿ ಬಂದರು. ಆಮೇಲೆ, "ಬ್ಯಾಸಿಗಿ ಸೂಟಿ ಕೂಸು ಇಲ್ಲೇ ಇರಬೇಕು. ಹೆಸರಿನ ಮುಂದ ನನ್ನ ಮಗನ ಹೆಸರ ಇರಬೇಕು. ಮದುವಿಗಿ ನಾ ಬರಂಗಿಲ್ಲ" ಎಂದರು. ಮೂರಕ್ಕೂ ಹೂಂ ಎಂದು ಬಂದೆ. ತಪ್ಪಾಗಿದ್ದರೆ ಹೇಳು.

ಮದುವೆ ನಮ್ಮ ಮನೆಯ ಮುಂದೆ ಆಗಲಿ. ಹಂದರ ಹಾಕಿಸುತ್ತೇನೆ, ವಾಲಗ ಹೇಳುತ್ತೇನೆ. ಅಣವೀರಪ್ಪನವರು ಒಂದು ದಿನ ಅಂಗಡಿಗೆ ಬಂದು ನನ್ನನ್ನು ಕಾಣಲಿ.

ಶಾಂತಲಿಂಗಪ್ಪ


ಅಂದೋಲಾ
22 ಜೂನ್ 1986

ಸಾಬವ್ವತ್ತೆಗೆ, ಗುರಮ್ಮನ ಹೆಸರಿನ ಹುಡುಗಿಯ ಶರಣು.

ಇದನ್ನು ಗದ್ದಿಗೆಯ ಅಯ್ಯನವರ ಕೈಯಿಂದ ಓದಿಸಿ ಕೇಳಿರಿ. ಕಾಲು ನೋವಿನಿಂದ ನಿಮಗೆ ಮದುವೆಗೆ ಬರಲಾಗಲಿಲ್ಲ ಎಂದು ಅವರೇ ತಿಳಿಸಿದ್ದರು.

ಮದುವೆ ಏಪ್ರಿಲಿನಲ್ಲಿ ಆಯಿತು. ಮುಂಜಾನೆಯ ಹೊತ್ತು, ಓಣಿಯವರಿಗೆಲ್ಲ ಕಾಣುವ ಹಾಗೆ. ಅಪ್ಪನ ಕಾಕಾನ ಮಕ್ಕಳು ಮನೆಗೆ ಬೀಗ ಹಾಕಿಕೊಂಡು ಪರ ಊರಿಗೆ ಹೋದರು. ಅಂಗಡಿಯ ನೆರೆಹೊರೆಯಲ್ಲೂ ಕೆಲವರು ಬರಲಿಲ್ಲ. ಅಪ್ಪ ಯಾರನ್ನೂ ಎರಡನೇ ಸಲ ಕರೆಯಲಿಲ್ಲ. ಬಂದವರಿಗೆ ತಾವೇ ನಿಂತು ಬಡಿಸಿದರು. ಮಟಕಿಯಿಂದ ಮಾವನವರು ಬರಲಿಲ್ಲ, ಅತ್ತೆ ಬಂದರು. ಸುಗಲಾಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕೊನೆಯವರೆಗೂ ಕುಳಿತಿದ್ದರು, ನಡುನಡುವೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ಕಣ್ಣೀರು ತಮ್ಮ ಮಗನಿಗೆ ಎಂದು ನನಗೆ ಗೊತ್ತಿತ್ತು. ಹೋಗಿ ಹತ್ತಿರ ಕುಳಿತೆ.

ಸುಗಲಾ ಮಾತಿನಂತೆ ಬೇಸಿಗೆಯನ್ನು ಮಟಕಿಯಲ್ಲಿ ಕಳೆದು ಬಂದಳು. ಈಗ ನಮ್ಮ ಶಾಲೆಗೇ ಹೋಗುತ್ತಾಳೆ. ಇವರನ್ನು ಇನ್ನೂ "ಮಾಸ್ತರ" ಎಂದೇ ಕರೆಯುತ್ತಾಳೆ. ಇವರು ಓಗೊಡುತ್ತಾರೆ, ತಿದ್ದುವುದಿಲ್ಲ. ಬೀಬಿಜಾನ ಖಾಲಾ ಅವಳಿಗೆ ದಿನಾ ಸಂಜೆ ನಿಮ್ಮ ಮನೆಯ ಕಟ್ಟೆ, ನಿಮ್ಮ ಮೊರ, ನಿಮ್ಮ ಮಾತು ಎಲ್ಲವನ್ನೂ ಹೇಳುತ್ತಾಳೆ.

ಈಗ ಮುಖ್ಯ ಮಾತು. ಶ್ರಾವಣದ ಮೊದಲ ಸೋಮವಾರ ಅಪ್ಪ ನಿಮ್ಮ ಊರಿಗೆ ಬರುತ್ತಾರೆ. ಕೇಳಿದರೆ ಮನೆದೇವರಿಗೆ ಎನ್ನುತ್ತಾರೆ. ಆದರೆ ಸಾಬವ್ವನ ಮನೆ ಯಾವ ಓಣಿ, ಗದ್ದಿಗೆಯಿಂದ ಎಷ್ಟು ದೂರ ಎಂದು ನನಗೆ ಪತ್ರ ಬರೆದು ಕೇಳಿದ್ದಾರೆ. ನೀವು ಅವರ ದೊಡ್ಡಪ್ಪನ ಮಗಳು. ಅಪ್ಪನಿಗೆ ಒಡಹುಟ್ಟಿದ ಅಕ್ಕಂದಿರಿಲ್ಲ. ಅಕ್ಕಾ ಎಂದು ಯಾರನ್ನೂ ಕರೆದು ಅವರಿಗೆ ರೂಢಿಯಿಲ್ಲ, ಮಾತೂ ಕಡಿಮೆ. ಬಂದವರು ಚಪ್ಪಲಿ ಬಿಟ್ಟು ಬಾಗಿಲ ಹೊರಗೇ ನಿಂತುಬಿಡಬಹುದು.

ಅವರ ಹೆಸರು ಶಾಂತಲಿಂಗಪ್ಪ. ನೀವೇ ಹೆಸರು ಹಿಡಿದು ಒಳಗೆ ಕರೆಯಿರಿ.

ನಿಮ್ಮ
ಗುರುಬಾಯಿ